ಚುಕ್ಕಿ ಬೀಳದ ಮೂರು ಅಂಕಿ

ಪಾಟಣಕರ್ ಮೆಡಿಕಲ್ ಡಿಪೋದ ಟೆಲಿಫೋನಿನ ಪಕ್ಕದ ಗೋಡೆಗೆ ಬಸವಂತ ಒಂದು ರಟ್ಟು ಹೊಡೆದಿದ್ದ. ಅದರ ಮೇಲೆ ನಾಗಪುರದ ಹದಿನಾಲ್ಕು ಆಸ್ಪತ್ರೆಗಳ ಹೆಸರು, ಎದುರಿಗೆ ಅವುಗಳ ನಂಬರು. ಒಂದೊಂದು ನಂಬರನ್ನೂ ಅವನು ಸೈಕಲ್ ಮೇಲೆ ಹೋಗಿ, ಆಯಾ ಆಸ್ಪತ್ರೆಯ ಫೋನಿಗೆ ಅಂಟಿಸಿದ ಚೀಟಿಯನ್ನು ಕಣ್ಣಾರೆ ನೋಡಿ ಬರೆದುಕೊಂಡು ಬಂದಿದ್ದ. ಟೆಲಿಫೋನ್ ಪುಸ್ತಕ ಕೈಯಲ್ಲೇ ಇರುವಾಗ ಈ ತಿರುಗಾಟವೇಕೆ ಎಂದು ಮಾಲೀಕ ಕೇಶವರಾವ್ ಪಾಟಣಕರ್ ಕೇಳಿದ್ದರು. ಪುಸ್ತಕ ಅಚ್ಚಾದ ಮೇಲೆ ಎರಡು ನಂಬರು ಬದಲಾಗಿವೆ ಎಂದು ಬಸವಂತ ತೋರಿಸಿದಾಗ ಅವರು ಒಪ್ಪಿಕೊಂಡರು.

ಈ ರಟ್ಟು ಗೋಡೆಗೇರಿದ್ದು 1955ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಡಿಪೋ ಇದ್ದ ಸೀತಾಬರ್ಡಿ ಪೇಟೆಯ ಔಷಧ ವ್ಯಾಪಾರವೆಲ್ಲ ಮಾತಿನ ಮೇಲೆ ನಡೆಯುತ್ತಿತ್ತು. ಆಸ್ಪತ್ರೆಯಿಂದ ಫೋನ್ ಬರುತ್ತಿತ್ತು, ಹಿಂದೆಯೇ ಆಳು ಬರುತ್ತಿದ್ದ, ಮಾಲು ಕೊಡುತ್ತಿದ್ದರು, ಡಾಕ್ಟರ ಸಹಿಯ ಚೀಟಿ ಮರುದಿನ ಬರುತ್ತಿತ್ತು. ಹಾಗೆಯೇ ಒಂದು ದಿನ ಯಾರೋ ಡಾಕ್ಟರು ಎಂದು ಹೇಳಿಕೊಂಡು ಫೋನ್ ಮಾಡಿ ಹನ್ನೆರಡು ಆಂಪ್ಯೂಲು ಮಾರ್ಫಿಯಾ ಕೇಳಿದರು. ಬಸವಂತ ವಿಷದ ಕಪಾಟು ತೆರೆದು, ಹಿಂದೆಯೇ ಬಂದ ಆಳಿಗೆ ಎಣಿಸಿ ಕೊಟ್ಟ. ಮರುದಿನ ಚೀಟಿ ಬರಲಿಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಲ್ಲಿಂದ ಯಾರೂ ಫೋನೇ ಮಾಡಿರಲಿಲ್ಲ.

ಅಬಕಾರಿ ಇನ್ಸ್‌ಪೆಕ್ಟರ್ ಬಂದರು, ಹೇಳಿಕೆ ಬರೆಸಿಕೊಂಡರು. ಲೈಸೆನ್ಸಿನಲ್ಲಿ ಕಪಾಟಿನ ಜವಾಬ್ದಾರ ಎಂದು ಬಸವಂತನ ಹೆಸರಿತ್ತು. ಇನ್ಸ್‌ಪೆಕ್ಟರ್ ಹೋದ ಮೇಲೆ ಕೇಶವರಾವ್ ಮರಾಠಿಯಲ್ಲಿ, ದನಿ ಏರಿಸದೆ ಹೇಳಿದರು: "ಒಂಬತ್ತು ವರ್ಷದ ನೌಕರಿಯ ಮುಖ ನೋಡಿ ಇದೊಂದು ಸಲ ಸುಮ್ಮನಿದ್ದೇನೆ, ಬಸವಂತರಾವ್. ಇನ್ನೊಮ್ಮೆ ಆದರೆ ಆ ಕಪಾಟಿನ ಕೀಲಿಕೈ ಈ ಮೇಜಿನ ಮೇಲೆ ಇಟ್ಟು ಮನೆಗೆ ಹೋಗಿ. ನಾನು ಕಾರಣ ಕೇಳುವುದಿಲ್ಲ."

ಆ ಕೀಲಿಕೈ ಬಸವಂತನ ಸೊಂಟದ ದಾರಕ್ಕೆ ಕಟ್ಟಿಕೊಂಡಿರುತ್ತಿತ್ತು. ಅದು ಹೋದರೆ ನೌಕರಿಯೊಂದೇ ಹೋಗುವುದಲ್ಲ. ವಿಷದ ಕಪಾಟಿನಿಂದ ಕೈಬಿಡಿಸಿದ ಮನುಷ್ಯನಿಗೆ ನಾಗಪುರದ ಯಾವ ಔಷಧದಂಗಡಿಯೂ ಬಾಗಿಲು ತೆರೆಯುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

ಅಂದಿನಿಂದ ಅವನು ತನ್ನದೇ ಒಂದು ಕ್ರಮ ಮಾಡಿಕೊಂಡ. ಯಾರೇ ಫೋನ್ ಮಾಡಲಿ, ಕೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ರಿಸೀವರ್ ಇಟ್ಟುಬಿಡುವುದು. ತಕ್ಷಣ ಮತ್ತೆ ಎತ್ತಿ, ಎಕ್ಸ್‌ಚೇಂಜಿನ ಮೂಲಕ ರಟ್ಟಿನ ಮೇಲಿನ ನಂಬರಿಗೆ ತಾನೇ ಫೋನ್ ಮಾಡಿ, "ಈಗ ನಮಗೆ ಮಾಲು ಹೇಳಿದವರು ನೀವೇನಾ?" ಎಂದು ಕೇಳುವುದು. ಹೌದೆಂದರೆ ಮಾತ್ರ ಕಪಾಟು ತೆರೆಯುವುದು. ನೋಟುಬುಕ್ಕಿನಲ್ಲಿ ಇನ್ನೊಂದು ಗುರುತೂ ಇತ್ತು. ತಾನು ಹೇಳಿದ ನಂಬರನ್ನು ಆಪರೇಟರು ತಿರುಗಿ ಹೇಳುತ್ತಿದ್ದಂತೆ ಅವನು ಒಂದೊಂದು ಅಂಕಿಯ ತಲೆಯ ಮೇಲೆ ಪೆನ್ಸಿಲಿನಿಂದ ಒಂದೊಂದು ಚುಕ್ಕಿ ಇಡುತ್ತಿದ್ದ. ಇದು ಅವನು ಹೊಸದಾಗಿ ಕಟ್ಟಿದ್ದಲ್ಲ. ಅವನ ತಂದೆ ಗದಗ ಸ್ಟೇಶನ್ನಿನಲ್ಲಿ ಸಿಗ್ನಲರ್ ಆಗಿದ್ದವರು. ಮುಂದಿನ ಸ್ಟೇಶನ್ನಿನವನು ಗಾಡಿಯ ನಂಬರು ತಿರುಗಿ ಹೇಳುವಾಗ ಅವರು ಹೀಗೆಯೇ ಚುಕ್ಕಿ ಇಡುತ್ತಿದ್ದರು. ಪಕ್ಕದಲ್ಲಿ ಕೂತು ನೋಡಿದ ಮಗನ ಕೈಗೆ ಅದು ತಾನಾಗಿ ಬಂದಿತ್ತು.

ಡಾಕ್ಟರುಗಳಿಗೆ ಈ ಕ್ರಮ ರುಚಿಸಲಿಲ್ಲ. ಧಂತೋಲಿಯ ಲೋಕಸೇವಾ ಆಸ್ಪತ್ರೆಯ ಡಾಕ್ಟರ್ ಬೋಧನಕರ್ ಅಂತೂ ಫೋನ್ ಎತ್ತಿದ ಕೂಡಲೇ, "ಹೌದು ಮಾರಾಯ, ನಾನು ನಾನೇ. ಬೇಕಾದರೆ ನನ್ನ ಹೆಂಡತಿಯನ್ನು ಕರೆದು ಸಾಕ್ಷಿ ಹೇಳಿಸಲೇ?" ಎನ್ನುತ್ತಿದ್ದರು. ಬಸವಂತ ನಗುತ್ತಿರಲಿಲ್ಲ. "ಬೇಡ ಸಾಹೇಬ, ಕೇಳಿದ್ದು ಎಷ್ಟು ಅಂತ ಇನ್ನೊಮ್ಮೆ ಹೇಳಿ," ಎನ್ನುತ್ತಿದ್ದ.

ಈ ಕ್ರಮದ ಮೇಲೆ ಅವನಿಗೆ ಹೆಮ್ಮೆ ಇತ್ತು. ಅಜನಿಯ ರೈಲ್ವೆ ಕ್ವಾರ್ಟರುಗಳಲ್ಲಿ ಅವನ ಅಣ್ಣನ ಮನೆ. ಅವನೂ ಅಲ್ಲಿಯೇ ಇದ್ದ. ಸಾಲಿನ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಬೆಳಿಗ್ಗೆ ಆರಕ್ಕೆ ನೀರು ಹಿಡಿಯಲು ನಿಂತಾಗ ಅವನು ಇದನ್ನು ಮೂರು ನಾಲ್ಕು ಸಲ ಹೇಳಿದ್ದುಂಟು. ನಿಂತವರಲ್ಲಿ ಅನಸೂಯಳೂ ಇರುತ್ತಿದ್ದಳು. ಹುಬ್ಬಳ್ಳಿ ಕಡೆಯ ಗಾರ್ಡ್ ಒಬ್ಬರ ಮಗಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾಲ್ಕು ವರ್ಷದಿಂದ ಆಪರೇಟರು.

"ನಿಮ್ಮ ಪರೀಕ್ಷಾ ಚಲೋ ಐತಿ ಬಸವಂತಣ್ಣ," ಎಂದಿದ್ದಳು ಅವಳು ಒಮ್ಮೆ. "ಆದ್ರ ಮಾತು ಮುಗಿದ ಮ್ಯಾಲೆ ಹಿಡಿಕಿ ಒಂದು ಸುತ್ತು ತಿರುವ್ರಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ? ನೀವು ತಿರುವಿದ್ರ ನಮ್ಮ ಬೋರ್ಡಿನಾಗ ಸಣ್ಣ ಮುಚ್ಚಳ ಬೀಳತೈತಿ, ನಾವು ತಂತಿ ಕಿತ್ತು ಲೈನ್ ಬಿಡಿಸ್ತೀವಿ. ನಾಗಪುರದಾಗ ಒಬ್ಬರೂ ತಿರುವೂದಿಲ್ಲ. ಯಾರ ಮಾತು ಮುಗೀತು, ಯಾರದಿಲ್ಲ, ನಾವ ಕಿವಿಗೊಟ್ಟು ನೋಡಬೇಕು."

"ಬರೋಬರ್, ಬರೋಬರ್. ನಾಳಿಂದ ತಿರುವ್ತೀನಿ," ಎಂದಿದ್ದ ಬಸವಂತ. ಆ ನಾಳೆ ಬರಲಿಲ್ಲ. ಸೀತಾಬರ್ಡಿಯ ಆ ಓಣಿಯಲ್ಲಿ ಎಲ್ಲವೂ ಹಿಡಿಕೆ ತಿರುವುವ ಗೋಡೆ ಫೋನುಗಳೇ. ಕರೆಯಲು ಎಲ್ಲರೂ ತಿರುವುತ್ತಿದ್ದರು; ಮುಗಿಸಲು ಯಾರೂ ತಿರುವುತ್ತಿರಲಿಲ್ಲ.

ಮೇ ಹದಿನೇಳು, ಮಂಗಳವಾರ. ಮಧ್ಯಾಹ್ನದ ಬಿಸಿಲಿಗೆ ಓಣಿ ಖಾಲಿಯಾಗಿತ್ತು. ಕೇಶವರಾವ್ ಊಟಕ್ಕೆ ಮನೆಗೆ ಹೋಗಿದ್ದರು. ನಾಲ್ಕರ ಮೊದಲು ಬರುವವರಲ್ಲ. ಬಸವಂತ ಬಾಗಿಲ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಒಳಗೆ ಬರುವಷ್ಟರಲ್ಲಿ ಫೋನ್ ಗಂಟೆ ಹೊಡೆಯಿತು. ಗಡಿಯಾರದಲ್ಲಿ ಎರಡು ಮೂವತ್ತೈದು.

"ಲೋಕಸೇವಾದಿಂದ ಬೋಧನಕರ್. ಲಾರಿ ಅಪಘಾತದ ಕೇಸು, ಇಬ್ಬರಿದ್ದಾರೆ. ಹತ್ತು ಮಾರ್ಫಿಯಾ ಬೇಕು, ಜಲ್ದಿ. ಆಯಾ ಗಂಗೂಬಾಯಿಯನ್ನು ಕಳಿಸಿದ್ದೇನೆ."

ದನಿ ಬೋಧನಕರರದ್ದೇ ಅನ್ನಿಸಿತು. ತಂತಿಯ ಗರಗರದಲ್ಲಿ ಹೌದೋ ಅಲ್ಲವೋ ಹೇಳುವುದು ಕಷ್ಟ. ಬಸವಂತ ಬರೆದುಕೊಂಡ. "ತಿರುಗಿ ಫೋನ್ ಮಾಡ್ತೇನೆ ಸಾಹೇಬ," ಎಂದ.

"ಮಾಡಿ, ಮಾಡಿ. ನಿಮ್ಮ ಪದ್ಧತಿ ಗೊತ್ತಲ್ಲ."

ಅವನು ರಿಸೀವರ್ ಇಟ್ಟು, ರಟ್ಟಿನ ಮೇಲೆ ಲೋಕಸೇವಾದ ನಂಬರು ನೋಡಿ, ಎಡಗೈಯಿಂದ ಮತ್ತೆ ಎತ್ತಿದ. ಬಲಗೈಯಲ್ಲಿ ಪೆನ್ಸಿಲ್ ಇತ್ತು. ಕಿವಿಗಿಡುತ್ತಲೇ ಹೆಣ್ಣು ದನಿ ಕೇಳಿತು: "ನಂಬರ್ ಪ್ಲೀಸ್."

"ಮೂರು ಒಂದು ಏಳು," ಎಂದ ಬಸವಂತ, ಬರೆಯುತ್ತ.

ಕಟಕಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗಂಡಸೊಬ್ಬ "ಲೋಕಸೇವಾ ಆಸ್ಪತ್ರೆ" ಎಂದ. ಹತ್ತು ಮಾರ್ಫಿಯಾ ಹೇಳಿದ್ದು ನಿಜ, ಬೋಧನಕರ್ ಸಾಹೇಬರು ಆಪರೇಶನ್ನಿಗೆ ಹೋದರು, ಆಯಾ ಹೊರಟಿದ್ದಾಳೆ ಎಂದ. ಬಸವಂತ ರಿಸೀವರ್ ಇಟ್ಟು, ಸೊಂಟದ ಕೀಲಿಕೈ ಬಿಚ್ಚಿ ಕಪಾಟು ತೆರೆದ. ಹತ್ತು ಆಂಪ್ಯೂಲು ಎಣಿಸಿ, ಹತ್ತಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ದಾರ ಕಟ್ಟಿದ.

ದಾರದ ಗಂಟು ಹಾಕುವಾಗ ಗಂಗೂಬಾಯಿ ತಟ್ಟಿ ಸರಿಸಿ ಒಳಗೆ ಬಂದಳು. ಐವತ್ತು ದಾಟಿದ ಹೆಂಗಸು. ಲೋಕಸೇವಾದಲ್ಲಿ ಅವಳು ಆಯಾ ಆಗಿರುವುದು ಬಸವಂತನಿಗೆ ಗೊತ್ತು. ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದಳು.

"ರಾಮ ರಾಮ, ದಾದಾ. ಪೆಟ್ಟಿಗೆ ಕೊಡುತ್ತೀರಾ?"

ಬಸವಂತ ಪೆಟ್ಟಿಗೆ ಮುಂದಕ್ಕೆ ಚಾಚಿದ. ಬರೆದಿಡಬೇಕಲ್ಲ ಎಂದು ವಾಡಿಕೆಯಂತೆ ಗಡಿಯಾರ ನೋಡಿದ. ಎರಡು ನಲವತ್ತೆರಡು.

ಚಾಚಿದ ಕೈ ಅಲ್ಲಿಯೇ ನಿಂತಿತು. ಧಂತೋಲಿಯಿಂದ ಸೀತಾಬರ್ಡಿಗೆ ಈ ಬಿಸಿಲಲ್ಲಿ, ಈ ವಯಸ್ಸಿನ ಹೆಂಗಸು ನಡೆದು ಬರಲು ಇಪ್ಪತ್ತು ನಿಮಿಷ ಬೇಕು. ಬಂದಿರುವುದು ಏಳು ನಿಮಿಷಕ್ಕೆ. ಹಣೆಯ ಕುಂಕುಮ ಒಂದಿಷ್ಟೂ ಬೆವರಿಗೆ ಕರಗಿರಲಿಲ್ಲ.

"ಟಾಂಗಾದಲ್ಲಿ ಬಂದೆಯಾ, ಮಾವಶಿ?"

"ಟಾಂಗಾ ನನಗ್ಯಾರು ಕೊಡುತ್ತಾರೆ ದಾದಾ? ಇಲ್ಲೇ ಮೂಲೆಯ ಚಹಾದಂಗಡಿಯಲ್ಲಿ ಕೂತಿದ್ದೆ. ಇವತ್ತು ನನಗೆ ರಜೆ. ಬೆಳಿಗ್ಗೆ ಒಬ್ಬ ಸಾಹೇಬರು ಮನೆಗೆ ಬಂದು, ಬೋಧನಕರ್ ಡಾಕ್ಟರು ಹೇಳಿದ್ದಾರೆ, ಒಂದು ಪೆಟ್ಟಿಗೆ ತಂದುಕೊಡು ಅಂದರು. ಅವರು ಕೈಸನ್ನೆ ಮಾಡಿದಾಗ ಒಳಗೆ ಬರಬೇಕು ಅಂತ."

"ಎಲ್ಲಿಂದ ಕೈಸನ್ನೆ?"

"ಅದೇ, ಆಚೆ ಮಹಡಿಯಿಂದ."

ಬಸವಂತ ಪೆಟ್ಟಿಗೆಯನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡ. ಇವಳು ಹೇಳುವುದು ಸುಳ್ಳಿರಬಹುದೇ? ಸುಳ್ಳು ಹೇಳಲು ಬಂದವಳು ಇಷ್ಟು ಹೇಳುತ್ತಾಳೆಯೇ? ಆದರೆ ಮೂರು ಒಂದು ಏಳಕ್ಕೆ ತಾನೇ ಫೋನ್ ಮಾಡಿದ್ದ, ಆಸ್ಪತ್ರೆಯವನೇ ಹೌದೆಂದಿದ್ದ. ಎಲ್ಲಿ ತಪ್ಪಿತು ಎಂದು ಅವನು ಎಲ್ಲವನ್ನೂ ಮೊದಲಿನಿಂದ ನೆನಪಿಗೆ ತಂದುಕೊಂಡ. ರಿಸೀವರ್ ಇಟ್ಟದ್ದು. ಎಡಗೈಯಿಂದ ಎತ್ತಿದ್ದು. ಬಲಗೈಯಲ್ಲಿ ಪೆನ್ಸಿಲ್. ಹೆಣ್ಣು ದನಿ.

ಪೆನ್ಸಿಲ್ ಹಿಡಿದಿದ್ದ ಕೈ ಹಿಡಿಕೆ ತಿರುವಿರಲೇ ಇಲ್ಲ.

ಹಿಡಿಕೆ ತಿರುವದೆ ಎಕ್ಸ್‌ಚೇಂಜಿಗೆ ಗೊತ್ತಾಗುವುದಿಲ್ಲ. ಗೊತ್ತಾಗದೆ ಆಪರೇಟರು ಬರುವುದಿಲ್ಲ. ಹಾಗಾದರೆ "ನಂಬರ್ ಪ್ಲೀಸ್" ಎಂದವಳು ಯಾರು?

"ಕೂತುಕೊ ಮಾವಶಿ. ನೀರು ಕುಡಿ. ಪೆಟ್ಟಿಗೆಗೆ ಇನ್ನೊಂದು ಚೀಟಿ ಅಂಟಿಸಬೇಕು," ಎಂದು ಅವಳಿಗೆ ಬಾಗಿಲಿನಿಂದ ಕಾಣದ ಸ್ಟೂಲು ತೋರಿಸಿದ. ಫೋನಿನ ಮುಂದೆ ನಿಂತು ಹಿಡಿಕೆಯನ್ನು ಗಟ್ಟಿಯಾಗಿ ತಿರುವಿ ರಿಸೀವರ್ ಎತ್ತಿದ.

"ಫಿನಿಶ್ಡ್?" ಎಂದಿತು ಒಂದು ದನಿ. "ನಿಮ್ಮ ಮಾತು ಮುಗಿಯಿತೇ?"

ಅನಸೂಯಳ ದನಿ. ನಲ್ಲಿಯ ಹತ್ತಿರದ್ದಲ್ಲ, ಕೆಲಸದ ದನಿ, ಆದರೂ ಅವಳದೇ. ಮಾತು ಮುಗಿಯಿತೇ ಎಂದು ಕೇಳುತ್ತಾಳೆಂದರೆ ಮೊದಲ ಕರೆಯ ತಂತಿ ಇನ್ನೂ ಕಿತ್ತಿರಲಿಲ್ಲ. ಬೋಧನಕರ್ ಎಂದವನು ಆಚೆ ರಿಸೀವರ್ ಕೆಳಗಿಡದೆ ಕಾದಿದ್ದ. ಈಚೆ ಬಸವಂತ ಇಟ್ಟು ಎತ್ತಿದ್ದು ಅದೇ ಲೈನಿನ ಮೇಲೆ. ಹೆಣ್ಣು ದನಿ, ಆಸ್ಪತ್ರೆಯ ಗಂಡು ದನಿ, ಎಲ್ಲವೂ ಒಂದೇ ಕೋಣೆಯಿಂದ ಬಂದದ್ದು.

"ಯಾವ ನಂಬರಿಗೆ ಕೂಡಿಸಿದ್ದಿರಿ ನನ್ನನ್ನು?" ಎಂದು ಹಿಂದಿಯಲ್ಲಿ ಕೇಳಿದ.

"ಅದನ್ನು ಹೇಳಲಾಗುವುದಿಲ್ಲ, ಸಾಹೇಬ."

"ಅನಸೂಯಾ, ನಾ ಬಸವಂತ. ಜರೂರ್ ಐತಿ."

"ಹೇಳಲಾಗುವುದಿಲ್ಲ, ಸಾಹೇಬ. ನಂಬರ್ ಪ್ಲೀಸ್," ಎಂದಳು ಅವಳು, ಅವನ ಗುರುತೇ ಇಲ್ಲದವಳಂತೆ.

ಆಗ ಮೊದಲ ಸಲ ಅವನ ಮನಸ್ಸಿಗೆ ಆ ವಿಚಾರ ಬಂತು. ತಾನು ತಿರುಗಿ ಫೋನ್ ಮಾಡುತ್ತೇನೆಂದು ಯಾರಿಗೆ ಗೊತ್ತು? ಹಿಡಿಕೆ ತಿರುವಿ ಮುಗಿಸುವುದಿಲ್ಲ ಎಂದು ಯಾರಿಗೆ ಗೊತ್ತು? ಎರಡೂ ಗೊತ್ತಿರುವ ಹೆಂಗಸು ನಾಗಪುರದಲ್ಲಿ ಒಬ್ಬಳೇ.

"ಮೂರು ಒಂದು ಏಳು," ಎಂದ.

"ಥ್ರೀ. ಒನ್. ಸೆವೆನ್."

ಅವನ ಕೈ ತಾನಾಗಿ ಮೂರು ಚುಕ್ಕಿ ಇಟ್ಟಿತು. ಈ ಸಲ ಲೋಕಸೇವಾದ ಗುಮಾಸ್ತರೇ ಎತ್ತಿದರು. ಲಾರಿ ಅಪಘಾತ ಬಂದಿಲ್ಲ, ಮಾರ್ಫಿಯಾ ಹೇಳಿಲ್ಲ, ಬೋಧನಕರ್ ಸಾಹೇಬರು ನಿನ್ನೆಯೇ ಅಮರಾವತಿಗೆ ಮದುವೆಗೆ ಹೋಗಿದ್ದಾರೆ.

ಬಸವಂತ ಆಂಪ್ಯೂಲುಗಳನ್ನು ತಿರುಗಿ ಎಣಿಸಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಆಮೇಲೆ ಕೇಶವರಾವ್ ಮನೆಗೂ ಪೊಲೀಸ್ ಠಾಣೆಗೂ ಫೋನ್ ಮಾಡಿದ. ಗಂಗೂಬಾಯಿ ಸ್ಟೂಲಿನ ಮೇಲೆ ಕೂತು, "ದಾದಾ, ನನ್ನಿಂದ ಏನಾದರೂ ತಪ್ಪಾಯಿತೇ?" ಎಂದು ಎರಡು ಸಲ ಕೇಳಿದಳು. "ಗೊತ್ತಿಲ್ಲ ಮಾವಶಿ," ಎಂದ ಅವನು. ಅದು ನಿಜವೂ ಆಗಿತ್ತು.

ಅಬಕಾರಿ ಇನ್ಸ್‌ಪೆಕ್ಟರ್ ಬಂದದ್ದು ನಾಲ್ಕೂವರೆಗೆ, ಫೆಬ್ರುವರಿಯಲ್ಲಿ ಬಂದವರೇ. ಅಷ್ಟರಲ್ಲಿ ಪೊಲೀಸರು ಎಕ್ಸ್‌ಚೇಂಜಿನ ಮೇಲಧಿಕಾರಿಯಿಂದ ನಂಬರು ತಿಳಿದುಕೊಂಡಿದ್ದರು. ಅದು ಡಿಪೋದ ಎದುರು ಮಹಡಿಯ ಫೋಟೋ ಸ್ಟುಡಿಯೋದ್ದು. ಸ್ಟುಡಿಯೋದವನು ಹದಿನೈದು ದಿನದಿಂದ ಊರಲ್ಲಿರಲಿಲ್ಲ. ಬಾಗಿಲ ಬೀಗ ಮುರಿದಿತ್ತು. ಕಿಟಕಿಯ ಹತ್ತಿರ ಮೂರು ಕುರ್ಚಿಗಳಿದ್ದವು, ಮೂರೂ ಡಿಪೋದ ಕಡೆಗೆ ಮುಖ ಮಾಡಿ. ರಿಸೀವರ್ ತಂತಿಗೆ ಜೋತುಬಿದ್ದಿತ್ತು. ಮನುಷ್ಯರಿರಲಿಲ್ಲ. ಗಂಗೂಬಾಯಿ ಹೇಳಿದ ಗುರುತು ಬರೆದುಕೊಂಡು, ಸಂಜೆಯೊಳಗೆ ಅವಳನ್ನು ಮನೆಗೆ ಕಳಿಸಿದರು.

ಇನ್ಸ್‌ಪೆಕ್ಟರರಿಗೆ ಮನುಷ್ಯರಿಗಿಂತ ಆ ಹೆಣ್ಣು ದನಿಯ ಮೇಲೆ ಹೆಚ್ಚು ಕುತೂಹಲ.

"ಹಿಡಿಕೆಯ ಈ ಗುಟ್ಟು ಹೊರಗಿನವರಿಗೆ ಹೊಳೆಯುವಂಥದ್ದಲ್ಲ," ಎಂದರು. "ಎಕ್ಸ್‌ಚೇಂಜಿನಲ್ಲಿ ನಿಮಗೆ ಗುರುತಿನವರು ಯಾರಾದರೂ?"

ಬಸವಂತ ಕೇಶವರಾವ್ ಮುಖ ನೋಡಿದ. ಅವರು ಮೇಜಿನ ಮೇಲಿನ ಧೂಳು ನೋಡುತ್ತಿದ್ದರು.

"ಒಬ್ಬರಿದ್ದಾರೆ. ಅನಸೂಯ ಅಂತ. ನಮ್ಮ ಸಾಲಿನಲ್ಲೇ ಮನೆ."

"ನಿಮ್ಮ ಕಡೆಯವರೇ?"

"ಕನ್ನಡದವರು."

"ಆ ಹೊತ್ತಿಗೆ ಡ್ಯೂಟಿಯಲ್ಲಿದ್ದರೇ?"

"ಇದ್ದರು."

ಇನ್ಸ್‌ಪೆಕ್ಟರ್ ಕೇಶವರಾವ್ ಕಡೆಗೆ ತಿರುಗಿದರು. "ಒಂದೇ ನಲ್ಲಿಯ ನೀರು. ಒಬ್ಬರು ಕಪಾಟಿನ ಹತ್ತಿರ, ಒಬ್ಬರು ತಂತಿಯ ಹತ್ತಿರ. ಫೆಬ್ರುವರಿಯಲ್ಲಿ ಒಂದು ಸಲ, ಈಗ ಇನ್ನೊಂದು ಸಲ. ಈ ಸಲ ಕೊನೆಗಳಿಗೆಯಲ್ಲಿ ಹೆದರಿ ತಾನೇ ಬಯಲು ಮಾಡಿದ್ದಾರೆ ಅಂತ ನಾನು ಬರೆದರೆ ನೀವು ಏನೆನ್ನುತ್ತೀರಿ?"

ಕೇಶವರಾವ್ ಅಂಗೈಯನ್ನು ಮೇಜಿನ ಮೇಲೆ ಅಂಗಾತ ಮಾಡಿ ಇಟ್ಟರು.

ಬಸವಂತ ಸೊಂಟದ ದಾರ ಬಿಚ್ಚಿದ. ಗಂಟು ಬೆವರಿಗೆ ಬಿಗಿದುಕೊಂಡಿತ್ತು. ಬಿಚ್ಚಲು ಹೊತ್ತು ಹಿಡಿಯಿತು. ಕೀಲಿಕೈಯನ್ನು ಆ ಅಂಗೈಯಲ್ಲಿಟ್ಟು, ಜೊತೆಗೆ ನೋಟುಬುಕ್ಕನ್ನೂ ಇಟ್ಟ. ಮಾಲಿನ ಲೆಕ್ಕ ಒಪ್ಪಿಸುವಾಗ ಇದನ್ನೂ ಒಪ್ಪಿಸಬೇಕಲ್ಲ ಎಂದಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

ಇನ್ಸ್‌ಪೆಕ್ಟರ್ ನೋಟುಬುಕ್ಕು ಎಳೆದುಕೊಂಡು ಪುಟ ತಿರುವಿದರು. "ಅಂಕಿಗಳ ಮೇಲೆ ಏನಿದು, ನೊಣ ಕೂತ ಹಾಗೆ?"

"ಚುಕ್ಕಿ. ಆಪರೇಟರು ನಂಬರು ತಿರುಗಿ ಹೇಳಿದಾಗ ಇಡುತ್ತೇನೆ. ಅವರು ತಿರುಗಿ ಹೇಳಲೇಬೇಕು, ಅದು ಅವರ ನಿಯಮ. ಹೇಳದಿದ್ದರೆ ಮೇಲಿನವರು ದಂಡ ಹಾಕುತ್ತಾರೆ."

ಇನ್ಸ್‌ಪೆಕ್ಟರ್ ಮೊದಲ ಪುಟಕ್ಕೆ ಹೋದರು. ಅಲ್ಲಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತ ಬಂದರು. ಮೂರು ತಿಂಗಳು, ಇನ್ನೂರ ಆರು ಕರೆ. ಎಲ್ಲ ಅಂಕಿಗಳ ಮೇಲೂ ಚುಕ್ಕಿ. ಕೊನೆಯ ಪುಟದಲ್ಲಿ ಬೆರಳು ನಿಂತಿತು. ಎರಡು ಮೂವತ್ತಾರರ ಸಾಲಿನಲ್ಲಿ 317 ಬರಿದಾಗಿತ್ತು. ಅದರ ಕೆಳಗೆ, ಎರಡು ನಲವತ್ತಾರರ 317ರ ಮೇಲೆ ಮೂರು ಚುಕ್ಕಿಗಳಿದ್ದವು.

ಬಸವಂತ ಬಗ್ಗಿ ನೋಡಿದ. ಅವನೂ ಅದನ್ನು ಆಗಲೇ ಮೊದಲು ಕಂಡದ್ದು.

"ಇದನ್ನು ಬರೆದಾಗ ನಿಮಗೆ ಸಂಶಯವಿತ್ತೇ?" ಎಂದರು ಇನ್ಸ್‌ಪೆಕ್ಟರ್.

"ಇರಲಿಲ್ಲ. ಅವಳು ತಿರುಗಿ ಹೇಳಲಿಲ್ಲ, ಕೈ ಇಡಲಿಲ್ಲ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. "ನಾಟಕವಾಗಿದ್ದರೆ ಇಲ್ಲಿಯೂ ಚುಕ್ಕಿ ಇಟ್ಟಿರುತ್ತಿದ್ದಿರಿ. ನಾಲ್ಕು ವರ್ಷ ಬೋರ್ಡಿನ ಮುಂದೆ ಕೂತವಳು ಮೋಸ ಮಾಡುವಾಗಲೂ ತಿರುಗಿ ಹೇಳಿಯೇ ಹೇಳುತ್ತಿದ್ದಳು, ಇನ್ನೊಬ್ಬಳಿಗೆ ಕಲಿಸಿದ್ದರೂ ಅದನ್ನು ಬಿಡುತ್ತಿರಲಿಲ್ಲ. ಆ ಬಾಯಿ ಸುಮ್ಮನಿರುವುದಿಲ್ಲ. ಇವಳು ಯಾರೋ, ಫೋನಿನಲ್ಲಿ ಎರಡು ಶಬ್ದ ಕೇಳಿ ಕಲಿತವಳು. ನಿಮ್ಮ ಹಿಡಿಕೆಯ ಚಾಳಿಯನ್ನು ಆ ಕಿಟಕಿಯಿಂದ ನೋಡಿ ತಿಳಿದಿರಬೇಕು." ನೋಟುಬುಕ್ಕು ಮುಚ್ಚಿದರು. "ಇದು ನನ್ನ ಹತ್ತಿರ ಇರಲಿ. ಕೀಲಿಕೈ ಯಾರ ಹತ್ತಿರ ಇರಬೇಕು ಎನ್ನುವುದು ನಿಮಗೆ ಬಿಟ್ಟದ್ದು, ಪಾಟಣಕರ್."

ಕೇಶವರಾವ್ ಕೀಲಿಕೈಯನ್ನು ಒಮ್ಮೆ ತೂಗಿ ನೋಡುವವರಂತೆ ಅಂಗೈಯಲ್ಲಿ ಆಡಿಸಿದರು. "ಹೊಸ ನೋಟುಬುಕ್ಕು ಬೇಕಲ್ಲವೇ ನಿಮಗೆ," ಎಂದು ಕೀಲಿಕೈಯನ್ನು ಮೇಜಿನ ಮೇಲೆ ಬಸವಂತನ ಕಡೆಗೆ ತಳ್ಳಿದರು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅನಸೂಯ ಮೊದಲೇ ನಿಂತಿದ್ದಳು. ಅವಳ ಕೊಡ ಅರ್ಧ ತುಂಬಿತ್ತು. ತಲೆ ಎತ್ತದೆ ಕೇಳಿದಳು:

"ನಿನ್ನೆ ಎರಡು ತಾಸು ಕೂಡಿಸಿ ಕೇಳಿದ್ರು ನನ್ನ. ನೀವು ಹೆಸರು ಹೇಳಿದ್ರೇನು?"

"ಕೇಳಿದ್ರು. ಹೇಳಿದೆ."

"ಬರೋಬರ್ ಆತು. ಗುರುತ ಇದ್ದದ್ದು ಖರೇನ ಅಲ್ಲ." ನೀರಿನ ಧಾರೆ ತೆಳ್ಳಗಿತ್ತು, ಇಬ್ಬರೂ ಅದನ್ನೇ ನೋಡಿದರು. "ನೀವು ಫೋನಿನಾಗ ಕೇಳಿದಾಗ ನಂಬರ್ ಹೇಳಿದ್ರ ನನ್ನ ನೌಕರಿ ಹೋಗ್ತಿತ್ತು, ಬಸವಂತಣ್ಣ. ಮೇಲಿನವ್ರು ಬೆನ್ನ ಹಿಂದ ನಿಂತಿದ್ರು."

"ಗೊತ್ತಾತು. ಆಮೇಲೆ."

"ಆ ಚುಕ್ಕಿ ಇಡೂ ರೂಢಿ ಇರದಿದ್ರ?"

ಬಸವಂತ ಸುಳ್ಳು ಹೇಳಬಹುದಿತ್ತು. "ನನಗೂ ನಿನ್ನ ಮ್ಯಾಲೆ ಸಂಶಯ ಇತ್ತು, ತಂಗಿ. ಚುಕ್ಕಿ ಇರದಿದ್ರ ಅದು ಹಂಗ ಉಳೀತಿತ್ತು."

ಅನಸೂಯ ಕೊಡ ಎತ್ತಿ ಸೊಂಟಕ್ಕಿಟ್ಟಳು. "ನನಗೂ ಇತ್ತು, ನಿಮ್ಮ ಮ್ಯಾಲೆ," ಎಂದಳು. "ಹಿಡಿಕಿ ತಿರುವ್ರಿ ಅಂದ್ರ ಕೇಳಲಾರದ ಮನಷಾ, ಬೇಕಂತನ ಕೇಳವಲ್ಲನೇನೋ ಅಂತ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಇವತ್ತರೆ ತಿರುವ್ತೀರೋ ಇಲ್ಲೋ?"

ತಿರುವಿದ. ಅಂದಿನಿಂದ ಪ್ರತಿ ಮಾತು ಮುಗಿದ ಮೇಲೂ ಒಂದು ಪೂರಾ ಸುತ್ತು ತಿರುವುತ್ತಿದ್ದ. ಫೋಟೋ ಸ್ಟುಡಿಯೋದ ಮೂವರು ಸಿಗಲಿಲ್ಲ. ಆ ಹೆಂಗಸು ಯಾರೆಂದೂ ತಿಳಿಯಲಿಲ್ಲ. ಅವಳ ಎರಡು ಶಬ್ದಗಳನ್ನು ಅವನು ಮರೆಯಲಿಲ್ಲ. ಸಂತೆಯಲ್ಲಿ, ರೈಲಿನಲ್ಲಿ, ಡಿಪೋದ ಕಟ್ಟೆಯ ಮುಂದೆ ಯಾವುದಾದರೂ ಹೆಂಗಸಿನ ದನಿ ಹಾಗೆ ಕೇಳಿದರೆ ತಿರುಗಿ ನೋಡುತ್ತಿದ್ದ.

ಅವನ ಕ್ರಮದಲ್ಲಿ ಇನ್ನೊಂದು ಹೆಜ್ಜೆ ಕೂಡಿಕೊಂಡಿತು. ಹಿಡಿಕೆ ತಿರುವಿ ಮುಗಿಸಿದ ಮೇಲೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯುತ್ತಿದ್ದ. ಆಮೇಲೆ ರಿಸೀವರ್ ಎತ್ತಿ, ಬಾಯಿ ಬಿಡದೆ, ಕಿವಿಗಿಟ್ಟುಕೊಂಡು ನಿಲ್ಲುತ್ತಿದ್ದ. ಆ ಕಡೆ ಉಸಿರಿಲ್ಲ, ಕುರ್ಚಿಯ ಸದ್ದಿಲ್ಲ, ಯಾರೂ ಇಲ್ಲ ಎಂದು ಖಚಿತವಾದ ಮೇಲೆಯೇ ಅವನ ಬಲಗೈ ಪೆನ್ಸಿಲ್ ಕೆಳಗಿಟ್ಟು ಹಿಡಿಕೆಯ ಕಡೆಗೆ ಹೋಗುತ್ತಿತ್ತು.